ಮಾತು ಕಡಿಮೆ ಇರುವವರಿಗೆ ಪರಭಾಷೆ ಬರಲ್ವಾ?

ಈ ಸಲದ ಪತ್ರಗಳಲ್ಲಿ ಒಂದು ಚಿಂತೆ ಮತ್ತೆ ಮತ್ತೆ ಕಂಡಿತು. 'ನನ್ನ ಸ್ವಭಾವಕ್ಕೆ ಈ ಭಾಷೆ ಆಗುತ್ತಾ?' ಅಂತ. ಜರ್ಮನ್, ಜಪಾನಿ, ಫ್ರೆಂಚ್, ಭಾಷೆ ಯಾವುದಾದರೂ ಕೇಳಿದ್ದು ಇದನ್ನೇ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಕ್ಕೆ ಇಟ್ಟುಕೊಂಡು ಇವಕ್ಕೆ ಮಾತ್ರ ಉತ್ತರಿಸಿದ್ದೇನೆ. ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನಮಸ್ತೆ ಮೇಡಂ. ಬಿಎಸ್ಸಿ ನರ್ಸಿಂಗ್ ಮುಗಿಸಿ, ಬೆಂಗಳೂರಿನಲ್ಲಿ ಪಿಜಿಯಲ್ಲಿದ್ದುಕೊಂಡು ಜರ್ಮನ್ ಕಲಿಯುತ್ತಿದ್ದೇನೆ. ಭಾಷೆಯ ಮಟ್ಟಗಳಲ್ಲಿ ಎರಡನೆಯದಾದ ಎ2 ಆಗಿದೆ, ಈಗ ಮೂರನೆಯದಾದ ಬಿ1. ನಾನು ಚಿಕ್ಕಂದಿನಿಂದಲೂ ಮಾತು ಕಡಿಮೆ. ಕ್ಲಾಸಿನಲ್ಲಿ ಕೆಲವರು ತಪ್ಪೋ ಸರಿಯೋ ಪಟಪಟ ಮಾತಾಡುತ್ತಾರೆ. ನಾನು ವಾಕ್ಯ ಜೋಡಿಸುವಷ್ಟರಲ್ಲಿ ವಿಷಯವೇ ಮುಂದೆ ಹೋಗಿರುತ್ತದೆ. ನಮ್ಮ ಟ್ರೈನರ್ 'ನಿನ್ನ ನೇಚರ್‌ಗೆ ಸ್ಪೀಕಿಂಗ್ ಕಷ್ಟ' ಅಂದುಬಿಟ್ಟರು. ಮನೆಯಲ್ಲಿ ಸಾಲ ಮಾಡಿ ಕಳಿಸಿದ್ದಾರೆ. ಬಿಟ್ಟುಬಿಡಲಾ? — ಓದುಗರು, ಶಿವಮೊಗ್ಗ ಜಿಲ್ಲೆ

ಉತ್ತರ: ಬಿಡಬೇಡಿ. ಎ2 ಮುಗಿಸಿದ್ದೀರಿ ಅಂದರೆ ಭಾಷೆ ನಿಮಗೆ ಹತ್ತಿದೆ ಅಂತಲೇ ಅರ್ಥ.

ಮಾತುಗಾರರಿಗೆ ಭಾಷೆ ಬೇಗ ಬರುತ್ತದೆ ಅನ್ನುವುದು ಹಳೆಯ ನಂಬಿಕೆ. ಅದನ್ನು ಪರೀಕ್ಷಿಸಿಯೂ ನೋಡಿದ್ದಾರೆ. 1978ರಲ್ಲಿ ಕೆನಡಾದ ಟೊರೊಂಟೊದಲ್ಲಿ ನೈಮನ್, ಸ್ಟರ್ನ್ ಮತ್ತು ಅವರ ಜೊತೆಗಾರರು ಫ್ರೆಂಚ್ ಕಲಿಯುವ ಶಾಲಾ ಮಕ್ಕಳ ಮೇಲೆ ಮಾಡಿದ ಅಧ್ಯಯನವೊಂದು ಹೊರಬಂತು. ಎಲ್ಲರ ಜೊತೆ ಬೆರೆಯುವ, ಬಾಯಿ ಜೋರಿರುವ ಮಕ್ಕಳಿಗೆ ಅಂಕ ಜಾಸ್ತಿ ಬಂದಿದೆಯಾ ಅಂತ ನೋಡಿದರೆ ಅಂಥ ಸಂಬಂಧ ಕಾಣಲಿಲ್ಲ. ಆಮೇಲೆ ಸುಮಾರು ವರ್ಷ ಈ ವಿಷಯವನ್ನು ಯಾರೂ ಹೆಚ್ಚು ಮುಟ್ಟಲಿಲ್ಲ. 1999ರಲ್ಲಿ ಲಂಡನ್ನಿನ ಇಬ್ಬರು ಸಂಶೋಧಕರು, ಜಾನ್-ಮಾರ್ಕ್ ಡೆವಾಲೆ ಮತ್ತು ಏಡ್ರಿಯನ್ ಫರ್ನ್‌ಹ್ಯಾಮ್, ಹಳೆಯದನ್ನೆಲ್ಲ ಮತ್ತೆ ತೆಗೆದು ನೋಡಿದರು. ಬರವಣಿಗೆಯ ಪರೀಕ್ಷೆಯ ಅಂಕದಲ್ಲಿ ಹುಡುಕಿದರೆ ಈ ವ್ಯತ್ಯಾಸ ಸಿಗುವುದಿಲ್ಲ, ಬಾಯಿಮಾತಿನಲ್ಲಿ ಹುಡುಕಿ ಅಂದರು. ಅಲ್ಲಿ ವ್ಯತ್ಯಾಸ ಇದೆ. ಬಹಿರ್ಮುಖಿಗಳು ಪರಭಾಷೆಯಲ್ಲಿ ಸರಾಗವಾಗಿ ಮಾತಾಡುತ್ತಾರೆ, ನಡುನಡುವೆ ತಡವರಿಸುವುದು ಕಡಿಮೆ, ಮುಖ್ಯವಾಗಿ ಒತ್ತಡ ಇದ್ದಾಗ. ಅಂತರ್ಮುಖಿಗಳಿಗೆ ಒತ್ತಡದಲ್ಲಿ ಪದ ಹುಡುಕುವುದು, ವ್ಯಾಕರಣ ನೋಡುವುದು, ಎದುರಿನವರ ಮುಖ ಓದುವುದು ಎಲ್ಲ ಒಟ್ಟಿಗೆ ಬಂದು ವೇಗ ಇಳಿಯುತ್ತದೆ.

ಆದ್ದರಿಂದ ನಿಮ್ಮ ಟ್ರೈನರ್ ಹೇಳಿದ್ದರಲ್ಲಿ ಒಂದು ಎಳೆ ನಿಜ ಇದೆ: ಹತ್ತು ಜನರ ಮಧ್ಯೆ ತಕ್ಷಣ ಬಾಯಿ ಬಿಡುವುದು ನಿಮಗೆ ಉಳಿದವರಿಗಿಂತ ಕಷ್ಟ. ಆದರೆ ಅದು ವೇಗದ ಮಾತು. ಭಾಷೆ ಬರುತ್ತದೋ ಇಲ್ಲವೋ ಅನ್ನುವುದು ಬೇರೆಯೇ ಪ್ರಶ್ನೆ. ಎರಡನ್ನೂ ಒಂದು ಮಾಡಿ ಒಬ್ಬ ವಿದ್ಯಾರ್ಥಿನಿಗೆ 'ನಿನ್ನ ನೇಚರ್‌ಗೆ ಆಗಲ್ಲ' ಅನ್ನುವುದು ತಪ್ಪು, ನನಗೆ ಅದು ನಿಜಕ್ಕೂ ಬೇಸರ ತರಿಸುತ್ತದೆ.

ಈಗ ನಿಮ್ಮ ಪರೀಕ್ಷೆಯನ್ನೇ ನೋಡಿ. ಜರ್ಮನ್ ಪರೀಕ್ಷೆ ನಡೆಸುವ ಗೊಯಟೆ ಸಂಸ್ಥೆಯ ಬಿ1ರಲ್ಲಿ ಓದು, ಆಲಿಸುವಿಕೆ, ಬರವಣಿಗೆ, ಮಾತು ಅಂತ ನಾಲ್ಕು ಭಾಗ. ಪ್ರತಿಯೊಂದರಲ್ಲೂ 100ಕ್ಕೆ 60 ಬೇಕು. ಒಂದರಲ್ಲಿ ಹೋದರೆ ಅದೊಂದನ್ನೇ ಮತ್ತೆ ಬರೆಯಬಹುದು. ಮಾತಿನ ಭಾಗ ಸಾಮಾನ್ಯವಾಗಿ ಇಬ್ಬರಿಗೆ ಒಟ್ಟಿಗೆ ನಡೆಯುತ್ತದೆ, ಅದಕ್ಕೆ ಮೊದಲು 15 ನಿಮಿಷ ತಯಾರಿಗೆ ಕೊಡುತ್ತಾರೆ. ಇಬ್ಬರೂ ಸೇರಿ ಏನಾದರೂ ಪ್ಲಾನ್ ಮಾಡುವುದು, ಒಂದು ವಿಷಯದ ಮೇಲೆ ಚಿಕ್ಕದಾಗಿ ಮಾತಾಡುವುದು, ಕೊನೆಗೆ ಒಂದೆರಡು ಪ್ರಶ್ನೆ ಕೇಳಿ ಉತ್ತರಿಸುವುದು. ಅಲ್ಲಿ ಹತ್ತು ಜನ ಇಲ್ಲ. ಒಬ್ಬರ ಮಾತು ಕೇಳಿಸಿಕೊಂಡು ಅದಕ್ಕೆ ತಕ್ಕಂತೆ ಉತ್ತರ ಕೊಡಬೇಕು, ಇದು ಮಾತು ಕಡಿಮೆ ಇರುವವರಿಗೆ ಬರುವ ಕೆಲಸವೇ ಅಲ್ವಾ?

ನೀವು ಸರಿಪಡಿಸಿಕೊಳ್ಳಬೇಕಾದ್ದು ಬಾಯಿಗೆ ಸಿಗುವ ಸಮಯವನ್ನು. ಕ್ಲಾಸಿನಲ್ಲಿ ಆ ಕೆಲವರು ಒಂದು ಗಂಟೆಯಲ್ಲಿ ಹದಿನೈದು ಸಲ ಮಾತಾಡಿದರೆ ನೀವು ಎರಡು ಸಲ ಆಡುತ್ತೀರಿ, ತಿಂಗಳುಗಟ್ಟಲೆ ಹೀಗೇ ನಡೆದರೆ ಅವರ ಬಾಯಿ ಪಳಗುತ್ತದೆ, ನಿಮ್ಮದು ಪಳಗುವುದಿಲ್ಲ, ಆಮೇಲೆ ಎಲ್ಲರೂ ಅದನ್ನು ಸ್ವಭಾವ ಅಂತ ಕರೆಯುತ್ತಾರೆ. ಹಾಗಾಗಿ ಕ್ಲಾಸಿನ ಹೊರಗೆ ಒಬ್ಬರನ್ನು ಹುಡುಕಿ. ಒಬ್ಬರು ಸಾಕು. ಪಿಜಿಯಲ್ಲೇ ನಿಮ್ಮಂತೆ ಕಲಿಯುವವರು ಇರುತ್ತಾರೆ. ದಿನಾ ಊಟ ಆದ ಮೇಲೆ ಇಪ್ಪತ್ತು ನಿಮಿಷ, ಜರ್ಮನ್ ಮಾತ್ರ. ಯಾರೂ ಸಿಗದ ದಿನ ಫೋನಿನಲ್ಲಿ ನಿಮ್ಮ ದನಿಯನ್ನೇ ರೆಕಾರ್ಡ್ ಮಾಡಿ ಕೇಳಿ. ಯೋಚಿಸಲು ಸಮಯ ತೆಗೆದುಕೊಳ್ಳುವ ಮಾತುಗಳನ್ನು ಮೊದಲೇ ಬಾಯಿಪಾಠ ಮಾಡಿಟ್ಟುಕೊಳ್ಳಿ, 'ಮೊಮೆಂಟ್ ಬಿಟ್ಟೆ' (ಜರ್ಮನ್ನಿನಲ್ಲಿ 'ಒಂದು ನಿಮಿಷ, ದಯವಿಟ್ಟು') ತರದವು. ಅವು ಬಾಯಲ್ಲಿದ್ದರೆ ಮೌನದ ಭಯ ಅರ್ಧ ಹೋಗುತ್ತದೆ.

ಇನ್ನೊಂದು. ಮುಂದೆ ಬಿ2 ಆಗಿ ಜರ್ಮನಿಗೆ ಹೋದ ಮೇಲೆ ವಾರ್ಡಿನಲ್ಲಿ ನಿಮ್ಮಿಂದ ಬೇಕಾಗುವುದು ಏನು? ನೋವು ಎಲ್ಲಿ, ರಾತ್ರಿ ನಿದ್ದೆ ಬಂತಾ, ಮಾತ್ರೆ ತೆಗೆದುಕೊಂಡರಾ ಅಂತ ಕೇಳುವುದು, ಹೇಳಿದ್ದನ್ನು ಸರಿಯಾಗಿ ಕೇಳಿಸಿಕೊಳ್ಳುವುದು, ವರದಿ ಬರೆಯುವುದು, ಶಿಫ್ಟ್ ಬದಲಾದಾಗ ಮುಂದಿನವರಿಗೆ ಒಂದೂ ಬಿಡದೆ ಹೇಳುವುದು. ಕಾಯಿಲೆ ಬಿದ್ದ ಮುದುಕರು ತಮ್ಮ ಮಾತು ಕೇಳುವವರನ್ನೇ ಬಯಸುತ್ತಾರೆ.

ಪ್ರಶ್ನೆ: ನನ್ನದು ಉಲ್ಟಾ ಸಮಸ್ಯೆ. ಜಪಾನಿ ಕ್ಲೈಂಟ್ ಇರುವ ಕಂಪನಿಯಲ್ಲಿ ಕೆಲಸ. ನಾನು ಯಾರ ಹತ್ತಿರ ಬೇಕಾದರೂ ಮಾತಾಡುತ್ತೇನೆ, ಕ್ಲೈಂಟ್ ಕಡೆಯವರು ಬಂದಾಗ ಊಟಕ್ಕೆ ಕರೆದುಕೊಂಡು ಹೋಗುವುದೂ ನಾನೇ, ಅವರಿಗೆ ನನ್ನ ಜಪಾನಿ ಅರ್ಥ ಆಗುತ್ತದೆ, ಹೊಗಳುತ್ತಾರೆ ಕೂಡ. ಆದರೆ ಜಪಾನಿ ಭಾಷೆಯ ಜೆಎಲ್‌ಪಿಟಿ ಪರೀಕ್ಷೆಯ ಎನ್4 ಮಟ್ಟದಲ್ಲಿ ಫೇಲ್ ಆಗಿದ್ದೇನೆ. ಟೀಮಿನಲ್ಲಿ ಬಾಯಿಯೇ ಬಿಡದ ಒಬ್ಬ ಪಾಸಾದ. ಇದು ಹೇಗೆ? — ಓದುಗರು, ಬೆಂಗಳೂರು

ಉತ್ತರ: ಮೊದಲ ಕಾರಣ ಸರಳ. ಜೆಎಲ್‌ಪಿಟಿಯಲ್ಲಿ ಮಾತಿನ ಪರೀಕ್ಷೆಯೇ ಇಲ್ಲ. ಪದ, ವ್ಯಾಕರಣ, ಓದು, ಆಲಿಸುವಿಕೆ, ಎಲ್ಲದಕ್ಕೂ ಆಯ್ಕೆಯ ಉತ್ತರಗಳು. ಎನ್4ರಲ್ಲಿ ಪಾಸಾಗಲು 180ಕ್ಕೆ 90 ಬೇಕು, ಜೊತೆಗೆ ಪದ-ವ್ಯಾಕರಣ-ಓದು ಸೇರಿದ ಭಾಗದಲ್ಲಿ 120ಕ್ಕೆ 38, ಆಲಿಸುವಿಕೆಯಲ್ಲಿ 60ಕ್ಕೆ 19 ದಾಟಲೇಬೇಕು. ನಿಮ್ಮ ದೊಡ್ಡ ಶಕ್ತಿಯನ್ನು ಅಳೆಯುವ ಜಾಗ ಅಲ್ಲಿಲ್ಲ, ನಿಮ್ಮ ಗೆಳೆಯನ ಶಕ್ತಿಗೆ ಇದೆ.

ಎರಡನೆಯ ಕಾರಣ ಸ್ವಲ್ಪ ಆಳದ್ದು. ಇದಕ್ಕೆ ಒಬ್ಬ ಜಪಾನಿಯ ಕಥೆಯನ್ನೇ ಹೇಳುತ್ತೇನೆ. ರಿಚರ್ಡ್ ಶ್ಮಿಟ್ ಎಂಬ ಭಾಷಾತಜ್ಞ ಹವಾಯಿಯ ಹೊನೊಲುಲುವಿನಲ್ಲಿ ನೆಲೆಸಿದ ಜಪಾನಿ ಕಲಾವಿದನೊಬ್ಬನ ಇಂಗ್ಲಿಷನ್ನು ಸುಮಾರು ಮೂರು ವರ್ಷ ಗಮನಿಸಿ 1983ರಲ್ಲಿ ಬರೆದರು. ಅವನಿಗೆ ವೆಸ್ ಅಂತ ಬೇರೆ ಹೆಸರು ಕೊಟ್ಟಿದ್ದರು. ವೆಸ್ ಬಹಳ ಸ್ನೇಹಜೀವಿ. ಅಳುಕಿಲ್ಲ, ತಪ್ಪಾದರೆ ನಾಚಿಕೆ ಇಲ್ಲ, ಇಂಗ್ಲಿಷ್ ಮಾತಾಡುವವರ ಮಧ್ಯೆಯೇ ದಿನ ಕಳೆಯುತ್ತಿದ್ದ. ಪರಭಾಷೆ ಕಲಿಯುವವರಿಗೆ ಇರಬೇಕು ಅಂತ ನಾವೆಲ್ಲ ಹೇಳುವ ಗುಣಗಳೆಲ್ಲ ಅವನಲ್ಲಿದ್ದವು. ಮಾತುಕತೆಯಲ್ಲಿ ಅವನು ನಿಜವಾಗಿಯೂ ಬೆಳೆದ. ಕೇಳುವವರಿಗೆ ಅವನ ಜೊತೆ ಮಾತು ಹಿತವಾಗಿತ್ತು. ಆದರೆ ವ್ಯಾಕರಣ? ಬಹುವಚನದ, ಭೂತಕಾಲದ ಪ್ರತ್ಯಯಗಳಂಥ ಸಣ್ಣ ಸಂಗತಿಗಳು ಮೂರು ವರ್ಷ ಆದರೂ ಹೆಚ್ಚುಕಡಿಮೆ ಇದ್ದಲ್ಲೇ ಇದ್ದವು.

ಯಾಕೆ ಅಂದರೆ ಅವನಿಗೆ ಅವು ಬೇಕಾಗಲಿಲ್ಲ. ಅವಿಲ್ಲದೆಯೇ ಕೆಲಸ ಆಗುತ್ತಿತ್ತು. ಬಾಯಿ ಇದ್ದವರು ಬರಗಾಲದಲ್ಲೂ ಬದುಕುತ್ತಾರೆ ಅಂತೀವಲ್ಲ, ಹಾಗೆ ಬದುಕಿದ್ದು ನಿಜ, ಆದರೆ ಆ ಬದುಕು ವ್ಯಾಕರಣವನ್ನು ಕಲಿಸಲಿಲ್ಲ. ಆಮೇಲೆ ಶ್ಮಿಟ್ ತಾವೇ ಬ್ರೆಜಿಲ್‌ಗೆ ಹೋಗಿ ಪೋರ್ಚುಗೀಸ್ ಕಲಿತರು, ಕಲಿಯುವಾಗ ಡೈರಿ ಬರೆದರು. ಅದನ್ನು ತಮ್ಮ ಮಾತಿನ ಧ್ವನಿಮುದ್ರಣದ ಜೊತೆ ಹೋಲಿಸಿದಾಗ ಗೊತ್ತಾಯಿತು: ಕಿವಿಗೆ ಬಿದ್ದದ್ದರಲ್ಲಿ ತಾವು ಗಮನಿಸಿದ್ದು ಮಾತ್ರ ತಮ್ಮ ಬಾಯಿಗೆ ಬಂದಿತ್ತು. ಬರೀ ಕಿವಿಗೆ ಬಿದ್ದರೆ ಸಾಲದು, ಕಲಿಯುವವರು ಅದನ್ನು ಗಮನಿಸಬೇಕು ಎಂಬ ಅವರ ವಾದ 1990ರಲ್ಲಿ ಪ್ರಕಟವಾಯಿತು, ಈಗಲೂ ಭಾಷಾ ಕಲಿಕೆಯ ಪಾಠಗಳಲ್ಲಿ ಅದು ಇದ್ದೇ ಇರುತ್ತದೆ.

ನಿಮ್ಮ ಮಾತನ್ನು ಕಡಿಮೆ ಮಾಡಿ ಅಂತ ನಾನು ಹೇಳುವುದಿಲ್ಲ, ಅದು ದೊಡ್ಡ ಆಸ್ತಿ. ಮಾತಾಡಿ ಬಂದ ಮೇಲೆ ಹತ್ತು ನಿಮಿಷ ಕೂತು, ಅವರು ಹೇಗೆ ಹೇಳಿದರು, ನಾನು ಹೇಗೆ ಹೇಳಿದೆ ಅಂತ ಒಂದೆರಡು ವಾಕ್ಯ ಬರೆದುಕೊಳ್ಳಿ. ಕ್ಲೈಂಟ್ ಕಡೆಯವರಲ್ಲಿ ಹತ್ತಿರದವರೊಬ್ಬರಿಗೆ 'ತಪ್ಪಿದ್ದರೆ ತಿದ್ದಿ' ಅಂತ ಹೇಳಿ. ಹೊಗಳಿಕೆ ಸಿಗುತ್ತಲೇ ಇದ್ದರೆ ತಿದ್ದುವವರು ಸಿಗುವುದಿಲ್ಲ. ಕಂಜಿಗೆ, ಅಂದರೆ ಜಪಾನಿಯ ಚಿತ್ರದಂಥ ಅಕ್ಷರಗಳಿಗೆ, ಮಾತ್ರ ದಾರಿ ಬೇರೆ ಇಲ್ಲ, ಬರೆದೇ ಕಲಿಯಬೇಕು. ವಾಕ್ಯದ ಕೊನೆಗೆ ಕ್ರಿಯಾಪದ, ನಾಮಪದ ಆದ ಮೇಲೆ ವಿಭಕ್ತಿಯಂಥ ತುಣುಕು, ಇವು ಕನ್ನಡದವರಿಗೆ ಹೊಸದಲ್ಲ, ಅಷ್ಟರ ಮಟ್ಟಿಗೆ ಇಂಗ್ಲಿಷ್ ಮಾತೃಭಾಷೆಯವರಿಗಿಂತ ನೀವು ಮುಂದೆ ಇದ್ದೀರಿ. ಮತ್ತೆ ಆ ಬಾಯಿ ಬಿಡದ ಗೆಳೆಯನ ಜೊತೆ ಕೂತು ಓದಿ. ಅವರಿಗೆ ನೀವು ಬೇಕು, ನಿಮಗೆ ಅವರು ಬೇಕು.

ಪ್ರಶ್ನೆ: ಗಂಡನ ಕೆಲಸದಿಂದ ಮ್ಯೂನಿಕ್‌ಗೆ ಬಂದಿದ್ದೇನೆ. ಊರಲ್ಲಿ ನಾನು ಚೆನ್ನಾಗಿ ಮಾತಾಡುವವಳೇ, ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಇಲ್ಲಿ ಅಂಗಡಿಗೆ ಹೋದರೆ ಎದೆ ಡವಡವ ಅನ್ನುತ್ತದೆ, ಗೊತ್ತಿರುವ ಪದವೂ ಮರೆತುಹೋಗುತ್ತದೆ. ಗಂಡ ಪಕ್ಕದಲ್ಲಿದ್ದರೆ ಇನ್ನೂ ಜಾಸ್ತಿ, ನಾನು ಬಾಯಿ ತೆರೆದ ಕೂಡಲೇ ಅವರು ತಿದ್ದುತ್ತಾರೆ. ಮನೆಗೆ ಬಂದ ಮೇಲೆ ಎಲ್ಲ ಸರಿಯಾಗಿ ನೆನಪಾಗುತ್ತದೆ. ನನ್ನ ಸ್ವಭಾವವೇ ಬದಲಾಯಿತಾ? — ಓದುಗರು, ಜರ್ಮನಿ

ಉತ್ತರ: ಇಲ್ಲಮ್ಮಾ, ಸ್ವಭಾವ ಬದಲಾಗಿಲ್ಲ. ನಿಮಗೆ ಆಗಿರುವುದು ಪರಭಾಷೆಯ ಅಳುಕು. ಇದು ಸಾಮಾನ್ಯ ನಾಚಿಕೆಗಿಂತ ಬೇರೆ. ಬೇರೆಲ್ಲ ಕಡೆ ಧೈರ್ಯವಾಗಿ ಇರುವವರಿಗೂ ಪರಭಾಷೆಯಲ್ಲಿ ಮಾತ್ರ ಬರುವಂಥದ್ದು. 1986ರಲ್ಲಿ ಅಮೆರಿಕದ ಎಲೇನ್ ಹಾರ್ವಿಟ್ಜ್ ಮತ್ತು ಅವರ ಜೊತೆಗಾರರು ಇದನ್ನು ಅಳೆಯಲೆಂದೇ 33 ಹೇಳಿಕೆಗಳ ಪಟ್ಟಿ ಮಾಡಿದರು, ನನ್ನ ಸರದಿ ಬರುತ್ತದೆ ಅಂದರೆ ನಡುಕ, ಉಳಿದವರು ನನಗಿಂತ ಚೆನ್ನಾಗಿ ಮಾತಾಡುತ್ತಾರೆ ಅನ್ನಿಸುವುದು, ಇಂಥವೆಲ್ಲ ಅದರಲ್ಲಿವೆ. ನೀವು ಬರೆದ ಪತ್ರದ ಸಾಲುಗಳು ಆ ಪಟ್ಟಿಯಲ್ಲಿ ಸೇರುವಂತಿವೆ.

ಕಲಿಕೆಗೆ ಸ್ವಭಾವದ ಯಾವ ಅಂಶ ಅಡ್ಡ ಬರುತ್ತದೆ ಅಂತ ಯಾರಾದರೂ ಕೇಳಿದರೆ ನಾನು ಮೌನವನ್ನು ಹೇಳುವುದಿಲ್ಲ, ಈ ಅಳುಕನ್ನೇ ಹೇಳುತ್ತೇನೆ. 2019ರಲ್ಲಿ ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ ಲೆಕ್ಕ ಹಾಕಿದಾಗ ಅಳುಕಿಗೂ ಕಲಿಕೆಯ ಮಟ್ಟಕ್ಕೂ ಮೈನಸ್ 0.36ರ ಸಂಬಂಧ ಕಂಡಿತು. ಸೊನ್ನೆ ಅಂದರೆ ಸಂಬಂಧವೇ ಇಲ್ಲ, ಮೈನಸ್ ಒಂದು ಅಂದರೆ ಒಂದು ಏರಿದಷ್ಟೂ ಇನ್ನೊಂದು ಇಳಿಯುತ್ತದೆ ಅಂತ. ಸ್ವಭಾವದ ಸಂಶೋಧನೆಯಲ್ಲಿ 0.36 ಸಣ್ಣದಲ್ಲ. ಆದರೆ ಯಾವುದರಿಂದ ಯಾವುದು ಅಂತ ಆ ಸಂಖ್ಯೆ ಹೇಳುವುದಿಲ್ಲ. ಅಳುಕಿನಿಂದ ಕಲಿಕೆ ಕುಸಿಯುತ್ತದೆ, ಕಲಿಕೆ ಕಮ್ಮಿ ಇದ್ದಾಗ ಅಳುಕು ಬರುತ್ತದೆ, ಎರಡೂ ನಡೆಯುತ್ತವೆ. ನಿಮ್ಮ ಜರ್ಮನ್ ಏರಿದ ಹಾಗೆ ಎದೆಯ ಡವಡವವೂ ಇಳಿಯುತ್ತದೆ ಅಂತ ನಂಬಲು ಇದೇ ಕಾರಣ ಸಾಕು.

ಗಂಡನ ವಿಷಯ. 1994ರಲ್ಲಿ ಕೆನಡಾದ ಮ್ಯಾಕಿಂಟೈರ್ ಮತ್ತು ಗಾರ್ಡ್ನರ್ ಒಂದು ಪ್ರಯೋಗ ಮಾಡಿದರು. ಹೊಸ ಪದ ಕಲಿಯುತ್ತಿದ್ದವರ ಎದುರು ಒಂದು ವಿಡಿಯೊ ಕ್ಯಾಮೆರಾ ತಂದಿಟ್ಟರು, ಅಷ್ಟೇ. ಅಳುಕು ಏರಿತು, ಕಲಿಕೆ ಇಳಿಯಿತು. ಯಾರೋ ನೋಡುತ್ತಿದ್ದಾರೆ ಅನ್ನುವುದು ತಲೆಯಲ್ಲಿ ಕೂತರೆ ಪದ ಹುಡುಕಲು ಅಲ್ಲಿ ಜಾಗ ಉಳಿಯುವುದಿಲ್ಲ. ನಿಮ್ಮ ಯಜಮಾನರು ಒಳ್ಳೆಯ ಮನಸ್ಸಿನಿಂದಲೇ ತಿದ್ದುತ್ತಿರಬಹುದು, ಆದರೆ ಅಂಗಡಿಯ ಕೌಂಟರ್ ಎದುರು ಅವರು ಆ ಕ್ಯಾಮೆರಾ ಆಗಿದ್ದಾರೆ. ಈ ಉತ್ತರವನ್ನು ಅವರಿಗೂ ಓದಲು ಕೊಡಿ. ಸರ್, ಹೊರಗೆ ತಿದ್ದಬೇಡಿ, ಒಂದು ಪದವನ್ನೂ. ಅವರೇ ಮನೆಗೆ ಬಂದು ಕೇಳಿದರೆ ಹೇಳಿ.

ನೀವು ಒಬ್ಬರೇ ಹೋಗುವ ಒಂದೇ ಒಂದು ಅಂಗಡಿ ಆರಿಸಿಕೊಳ್ಳಿ, ಜನ ಕಡಿಮೆ ಇರುವ ಹೊತ್ತಿನಲ್ಲಿ. ಬೇಕರಿ ಒಳ್ಳೆಯದು, ಅಲ್ಲಿ ಆಡುವ ಮಾತು ದಿನಾ ಒಂದೇ. ಮ್ಯೂನಿಕ್‌ನಲ್ಲಿ ಫೋಕ್ಸ್‌ಹೋಖ್‌ಶೂಲೆ ಎಂಬ ಸಾರ್ವಜನಿಕ ಕಲಿಕಾ ಕೇಂದ್ರ ಇದೆ, ಅದರ ಜರ್ಮನ್ ತರಗತಿಗೆ ಸೇರಿ. ಅಲ್ಲಿ ನಿಮ್ಮ ಹಾಗೆ ಬೇರೆ ಬೇರೆ ದೇಶದಿಂದ ಬಂದವರೇ ಇರುತ್ತಾರೆ, ತಪ್ಪು ಮಾಡದವರು ಒಬ್ಬರೂ ಇರುವುದಿಲ್ಲ. ಅಳುಕು ಪೂರ್ತಿ ಹೋಗಲಿ, ಆಮೇಲೆ ಮಾತಾಡುತ್ತೇನೆ ಅಂತ ಕಾಯಬೇಡಿ. ಅಳುಕು ಮತ್ತು ಖುಷಿ ಒಂದೇ ಕೋಲಿನ ಎರಡು ತುದಿ ಅಲ್ಲ, ಎರಡೂ ಒಬ್ಬರಲ್ಲೇ ಒಟ್ಟಿಗೆ ಇರಬಹುದು ಅಂತ ಅದೇ ಮ್ಯಾಕಿಂಟೈರ್ ಮತ್ತು ಡೆವಾಲೆ 2014ರಲ್ಲಿ ತೋರಿಸಿದ್ದಾರೆ. ಎದೆ ಬಡಿದುಕೊಳ್ಳುತ್ತಿದ್ದರೂ ಜರ್ಮನ್ನಿನಲ್ಲಿ ಖುಷಿ ಪಡಬಹುದು.

ಪ್ರಶ್ನೆ: ಸ್ವಭಾವವನ್ನು ನಾಲ್ಕು ಅಕ್ಷರಗಳಲ್ಲಿ ಹೇಳುವ ಆನ್‌ಲೈನ್ ಟೆಸ್ಟ್‌ನಲ್ಲಿ ನನ್ನದು ಐಎನ್‌ಟಿಜೆ ಅಂತ ಬಂತು. ಈ ಟೈಪ್‌ಗೆ ಯಾವ ಭಾಷೆ ಸರಿ? — ಓದುಗರು, ಹುಬ್ಬಳ್ಳಿ

ಉತ್ತರ: ಟೈಪ್ ನೋಡಿ ಭಾಷೆ ಆರಿಸುವ ಪದ್ಧತಿ ಯಾವುದೂ ಇಲ್ಲ. ನಿಮಗೆ ಯಾವ ಭಾಷೆಯ ಜನ, ಸಿನಿಮಾ, ಕೆಲಸ ಇಷ್ಟವೋ ಅದನ್ನು ಕಲಿಯಿರಿ. ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಸಂಸ್ಥೆಯಲ್ಲಿ ಮೆಡಲೀನ್ ಅರ್ಮನ್ ಇದೇ ಟೈಪ್‌ಗಳನ್ನು ಇಟ್ಟುಕೊಂಡು ನೋಡಿದ್ದರು. ತೀರಾ ಮೇಲಿನ ಮಟ್ಟ ಮುಟ್ಟಿದವರಲ್ಲಿ ಐಎನ್‌ಟಿಜೆ ಗುಂಪು ನಿರೀಕ್ಷೆಗಿಂತ ಹೆಚ್ಚಿತ್ತು, ಅದೂ ಅಂತರ್ಮುಖಿಗಳ ಗುಂಪು, ಮೇಲೆ ಬರೆದ ಶಿವಮೊಗ್ಗದವರು ಗಮನಿಸಲಿ. ಆದರೆ ಉಳಿದ ಟೈಪಿನವರೂ ಅಲ್ಲಿದ್ದರು.

ಮನಶ್ಶಾಸ್ತ್ರಜ್ಞರು ಈಗ ಈ ನಾಲ್ಕು ಅಕ್ಷರಗಳಿಗಿಂತ ಐದು ಗುಣಗಳ ಅಳತೆಯನ್ನು ಹೆಚ್ಚು ನಂಬುತ್ತಾರೆ: ಹೊಸದಕ್ಕೆ ತೆರೆದ ಮನಸ್ಸು, ಶಿಸ್ತು, ಬಹಿರ್ಮುಖತೆ, ಹೊಂದಿಕೊಳ್ಳುವ ಗುಣ, ಬೇಗ ಕಳವಳಗೊಳ್ಳುವ ಗುಣ. ಪರಭಾಷೆಯ ಅಧ್ಯಯನಗಳಲ್ಲಿ ಇವುಗಳ ಪೈಕಿ ತೆರೆದ ಮನಸ್ಸು ಮತ್ತು ಶಿಸ್ತು ಸ್ವಲ್ಪ ಮುಂದೆ ಕಾಣುತ್ತವೆ. ಸ್ವಲ್ಪ ಮಾತ್ರ. ಸುಮ್ನೆ ಟೆಸ್ಟ್ ಮೇಲೆ ಟೆಸ್ಟ್ ಮಾಡುತ್ತಾ ಕೂರಬೇಡಿ.

ಪ್ರಶ್ನೆ: ಮಗಳಿಗೆ ಒಂಬತ್ತು ವರ್ಷ. ಶಾಲೆಯಲ್ಲಿ ಫ್ರೆಂಚ್ ಶುರುವಾಗಿದೆ. ತರಗತಿಯಲ್ಲಿ ಬಾಯೇ ಬಿಡುವುದಿಲ್ಲ ಅಂತ ಟೀಚರ್ ದೂರು. ಮನೆಯಲ್ಲಿ ಗೊಂಬೆ ಎದುರು ಫ್ರೆಂಚ್ ಹಾಡು ಹೇಳುತ್ತಾಳೆ. ಬೇರೆ ವಿಷಯ ಕೊಡಿಸಬೇಕಾ? — ಓದುಗರು, ಮಂಗಳೂರು

ಉತ್ತರ: ಗೊಂಬೆ ಎದುರು ಹಾಡುತ್ತಾಳೆ ಅಂದರೆ ಭಾಷೆ ಒಳಗೆ ಹೋಗುತ್ತಿದೆ. ಬೇರೆ ವಿಷಯ ಬೇಡ.

ಲಿಲಿ ವಾಂಗ್ ಫಿಲ್‌ಮೋರ್ ಎಂಬ ಸಂಶೋಧಕಿ 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇಂಗ್ಲಿಷ್ ಕಲಿಯುತ್ತಿದ್ದ ಐದು ಮೆಕ್ಸಿಕನ್ ಮಕ್ಕಳನ್ನು ಒಂದು ಶಾಲಾ ವರ್ಷ ನೋಡಿದರು. ಅವರಲ್ಲಿ ನೋರಾ ಎಂಬ ಹುಡುಗಿ ಎಲ್ಲರನ್ನೂ ಹಿಂದೆ ಹಾಕಿದಳು. ಅವಳು ಇಂಗ್ಲಿಷ್ ಮಕ್ಕಳ ಜೊತೆ ಆಡಲು ಹಾತೊರೆಯುತ್ತಿದ್ದಳು, ಎಲ್ಲ ಅರ್ಥವಾದ ಹಾಗೆ ನಡೆದುಕೊಂಡು ಆಟಕ್ಕೆ ಸೇರಿಬಿಡುತ್ತಿದ್ದಳು. ಇದು ತುಂಬ ಪ್ರಸಿದ್ಧವಾಯಿತು, ಮಾತುಗಾರ ಮಗುವೇ ಗೆಲ್ಲುವುದು ಅಂತ ಜನ ತಿಳಿದರು. ಆದರೆ ಅದೇ ಫಿಲ್‌ಮೋರ್ ಮುಂದೆ ಇನ್ನೂ ಹೆಚ್ಚು ಮಕ್ಕಳನ್ನು ನೋಡಿದಾಗ ಚೆನ್ನಾಗಿ ಕಲಿತವರಲ್ಲಿ ನಾಚಿಕೆಯ, ಸುಮ್ಮನೆ ಕೂತು ಗಮನಿಸುವ ಮಕ್ಕಳೂ ಇದ್ದರು. ತರಗತಿ ಹೇಗಿದೆ ಅನ್ನುವುದರ ಮೇಲೆ ಅದು ನಿಂತಿತ್ತು. ಮಕ್ಕಳೇ ಸೇರಿ ಆಡುವ ಜಾಗದಲ್ಲಿ ನೋರಾಳಂಥವರಿಗೆ ಅನುಕೂಲ, ಟೀಚರ್ ಮುಂದೆ ನಿಂತು ಪಾಠ ಮಾಡುವ ಜಾಗದಲ್ಲಿ ಕೇಳಿಸಿಕೊಳ್ಳುವ ಮಗುವಿಗೂ ಅಷ್ಟೇ ಅನುಕೂಲ.

ನೀವು ಮಂಗಳೂರಿನವರು, ನಿಮಗೆ ಇದು ಬೇಗ ಅರ್ಥವಾಗಬೇಕು. ನಿಮ್ಮ ಕಡೆ ತುಳು, ಕೊಂಕಣಿ, ಬ್ಯಾರಿ, ಕನ್ನಡ ಒಂದೇ ಬೀದಿಯಲ್ಲಿ ಇವೆ. ಮಾತು ಕಡಿಮೆ ಇರುವವರೂ ಮೂರು ನಾಲ್ಕು ಭಾಷೆ ಸಲೀಸಾಗಿ ಆಡುತ್ತಾರೆ, ಅವರ ಸ್ವಭಾವ ಯಾರೂ ವಿಚಾರಿಸಿರುವುದಿಲ್ಲ. ಅಲ್ಲಿ ಭಾಷೆ ತಾನಾಗಿ ಕಿವಿಗೆ ಬೀಳುತ್ತದೆ. ಫ್ರೆಂಚ್ ಹಾಗೆ ಬೀಳುವುದಿಲ್ಲ, ತರಗತಿಯಲ್ಲಿ ಕೈ ಎತ್ತಿದವರಿಗೆ ಜಾಸ್ತಿ ಸಿಗುತ್ತದೆ, ಅದಕ್ಕೇ ಅಲ್ಲಿ ಸ್ವಭಾವ ಎದ್ದು ಕಾಣುತ್ತದೆ. ಟೀಚರ್ ಹತ್ತಿರ ಹೋಗಿ ಗೊಂಬೆ ಮತ್ತು ಹಾಡಿನ ವಿಷಯ ಹೇಳಿ. ಒಬ್ಬಳನ್ನೇ ಎದ್ದು ನಿಲ್ಲಿಸಿ ಕೇಳುವ ಬದಲು ಪಕ್ಕದ ಹುಡುಗಿ ಜೊತೆ ಜೋಡಿಯಾಗಿ ಮಾತಾಡಿಸಲು ಕೇಳಿಕೊಳ್ಳಿ. ಮನೆಯಲ್ಲಿ ನೆಂಟರು ಬಂದಾಗ 'ಎಲ್ಲಿ, ಫ್ರೆಂಚ್ ಹೇಳಮ್ಮಾ ನೋಡೋಣ' ಅಂತ ಮಾತ್ರ ಯಾವತ್ತೂ ಅನ್ನಬೇಡಿ.

ಪ್ರಶ್ನೆ: ಬ್ಯಾಂಕ್ ಕೆಲಸದಿಂದ ನಿವೃತ್ತನಾಗಿದ್ದೇನೆ. ವಯಸ್ಸು 61. ಮೊದಲಿಂದ ಆಸೆ ಇತ್ತು ಅಂತ ಸ್ಪ್ಯಾನಿಷ್ ಹಿಡಿದಿದ್ದೇನೆ. ಒಂದು ಪದ ಗೊತ್ತಾಗದಿದ್ದರೂ ಮುಂದಿನ ಸಾಲಿಗೆ ಹೋಗಲು ನನಗೆ ಆಗುವುದಿಲ್ಲ. ನಿಘಂಟು ತೆಗೆದು ಬರೆದುಕೊಂಡೇ ಮುಂದೆ ಹೋಗುವುದು. ಐದನೇ ಪಾಠದಲ್ಲೇ ಬಹಳ ದಿನದಿಂದ ಇದ್ದೇನೆ. ಇದು ವಯಸ್ಸಿನ ದೋಷವೇ? — ಓದುಗರು, ಮೈಸೂರು

ಉತ್ತರ: ವಯಸ್ಸಿನದ್ದಲ್ಲ. ಉಚ್ಚಾರಣೆ ಮಕ್ಕಳಷ್ಟು ಸುಲಭವಾಗಿ ಬಾರದಿರಬಹುದು, ಆದರೆ ಓದುವುದಕ್ಕೆ, ಅರ್ಥ ಮಾಡಿಕೊಳ್ಳುವುದಕ್ಕೆ 61 ಅಡ್ಡಿಯಲ್ಲ. ಇದು ಪೈಸೆ ಲೆಕ್ಕ ತಾಳೆಯಾಗದೆ ಪುಸ್ತಕ ಮುಚ್ಚದ ನಿಮ್ಮ ಶಿಸ್ತಿನ ಇನ್ನೊಂದು ಮುಖ ಅಂತ ನನಗೆ ಕಾಣುತ್ತದೆ. ಬ್ಯಾಂಕಿನಲ್ಲಿ ಅದು ಬೇಕೇ ಬೇಕಿತ್ತು. ಭಾಷೆಯಲ್ಲಿ ಅದರ ಜೊತೆ ಇನ್ನೊಂದು ಗುಣವೂ ಬೇಕು, ಅರ್ಧ ಅರ್ಥವಾದದ್ದರ ಜೊತೆ ನೆಮ್ಮದಿಯಾಗಿ ಇರುವುದು. ಮೊದಲ ಉತ್ತರದಲ್ಲಿ ಹೇಳಿದ ಟೊರೊಂಟೊ ಅಧ್ಯಯನದಲ್ಲಿ ಮಾತುಗಾರಿಕೆಗೆ ಅಂಕದ ಸಂಬಂಧ ಕಾಣಲಿಲ್ಲ ಅಂದೆನಲ್ಲ, ಅದರಲ್ಲೇ ಈ ಗುಣ ಇದ್ದವರು ಫ್ರೆಂಚ್ ಕೇಳಿ ಅರ್ಥ ಮಾಡಿಕೊಳ್ಳುವುದರಲ್ಲಿ ಮುಂದಿದ್ದರು.

ಹಂಗೇರಿಯ ಕಾಟೊ ಲೋಂಬ್ ಅವರ ಬಗ್ಗೆ ನಿಮಗೆ ಹೇಳಲೇಬೇಕು. ಓದಿದ್ದು ರಸಾಯನಶಾಸ್ತ್ರ. ಭಾಷೆಗಳನ್ನು ಹಿಡಿದದ್ದು ದೊಡ್ಡವರಾದ ಮೇಲೆ, ಹೆಚ್ಚಿನವನ್ನು ತಾವೇ ಓದಿಕೊಂಡು. ಕೊನೆಗೆ ಒಂಬತ್ತು-ಹತ್ತು ಭಾಷೆಗಳಲ್ಲಿ ದುಭಾಷಿಯಾಗಿ ಕೆಲಸ ಮಾಡಿದರು. ಅವರು ಹೊಸ ಭಾಷೆಯ ಕಾದಂಬರಿಯನ್ನೇ ನೇರ ಕೈಗೆತ್ತಿಕೊಳ್ಳುತ್ತಿದ್ದರು, ಗೊತ್ತಿಲ್ಲದ ಪದಗಳಿಗೆಲ್ಲ ನಿಘಂಟು ತೆಗೆಯುತ್ತಿರಲಿಲ್ಲ. ಮುಖ್ಯವಾದ ಪದವಾದರೆ ಮತ್ತೆ ಬರುತ್ತದೆ, ಬಂದು ಬಂದು ತಾನೇ ಅರ್ಥ ಬಿಟ್ಟುಕೊಡುತ್ತದೆ ಎಂಬುದು ಅವರ ನಂಬಿಕೆ. ತೀರಿಕೊಂಡದ್ದು 2003ರಲ್ಲಿ, ತೊಂಬತ್ತು ದಾಟಿದ ಮೇಲೆ. ಆ ಲೆಕ್ಕದಲ್ಲಿ ನಿಮಗೆ ಇನ್ನೂ ಬಹಳ ಸಮಯ ಇದೆ.

ನಿಮ್ಮ ಶಿಸ್ತನ್ನು ಬಿಡುವುದು ಬೇಡ, ಅದಕ್ಕೆ ಬೇರೆ ಕೆಲಸ ಕೊಡಿ. ದಿನಾ ಇಂಥ ಹೊತ್ತಿಗೆ ಇಷ್ಟು ಪುಟ ಅಂತ ನಿಗದಿ ಮಾಡಿ, ಅದನ್ನು ತಪ್ಪಿಸಬೇಡಿ. ಪುಟಕ್ಕೆ ಮೂರು ಪದ ಮಾತ್ರ ನಿಘಂಟಿನಲ್ಲಿ ನೋಡಬಹುದು, ನಾಲ್ಕನೆಯದಕ್ಕೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ಮುಂದೆ ಹೋಗಿ. ಮೊದಲ ವಾರ ಕೈ ನಿಘಂಟಿನ ಕಡೆಗೇ ಹೋಗುತ್ತದೆ, ತಡೆದುಕೊಳ್ಳಿ. ಐದನೇ ಪಾಠವನ್ನು ಇವತ್ತೇ ಅಲ್ಲಿಗೆ ಬಿಟ್ಟು ಆರನೆಯದನ್ನು ತೆಗೆಯಿರಿ. ಹತ್ತು ಮುಗಿದ ಮೇಲೆ ಐದಕ್ಕೆ ವಾಪಸ್ ಬಂದು, ಗೆರೆ ಎಳೆದ ಪದಗಳಲ್ಲಿ ಎಷ್ಟು ತಾವಾಗಿ ಗೊತ್ತಾಗಿವೆ ಅಂತ ಎಣಿಸಿ ನನಗೆ ಬರೆಯಿರಿ.